ಇಂಗ್ಲೆಂಡ್‌ನಲ್ಲಿ ಇಎಚ್‌ಸಿಪಿ ಮರುಪರಿಶೀಲನೆ: ಎಫ್ ವಿಭಾಗ ಸರಿಯಾಗಿ ಬರೆಸಿಕೊಳ್ಳಿ

ಇಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರ ಗಮನಕ್ಕೆ: ಮಗುವಿನ ಇಎಚ್‌ಸಿಪಿಯನ್ನು (ಕಲಿಕೆಯಲ್ಲಿ ವಿಶೇಷ ಅಗತ್ಯವಿರುವ ಮಗುವಿಗೆ ಸಿಗಬೇಕಾದ ನೆರವನ್ನು ಬರೆದಿಡುವ ಕಾನೂನುಬದ್ಧ ಯೋಜನೆ) ಸ್ಥಳೀಯ ಕೌನ್ಸಿಲ್ ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಲೇಬೇಕು. ನೆರವು ಸಾಲದಿದ್ದರೆ ಅಲ್ಲಿಯವರೆಗೆ ಕಾಯಬೇಡಿ. ‘ಅರ್ಲಿ ರಿವ್ಯೂ’ (ಅವಧಿಗೆ ಮೊದಲೇ ಮರುಪರಿಶೀಲನೆ) ಬೇಕೆಂದು ಶಾಲೆಗೂ ಕೌನ್ಸಿಲ್‌ಗೂ ಇಮೇಲ್ ಮಾಡಿ. ಅವರು ನಿರಾಕರಿಸಲೂಬಹುದು, ಆದ್ದರಿಂದ ಮಗುವಿನ ಸ್ಥಿತಿ ಏನು ಬದಲಾಗಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಮರುಪರಿಶೀಲನಾ ಸಭೆಗೆ 2 ವಾರ ಮೊದಲೇ ವರದಿಗಳು ನಿಮ್ಮ ಕೈಸೇರಬೇಕು.

ಹೆಚ್ಚಿನವರು ಎಡವುವುದು ಎಫ್ ವಿಭಾಗದಲ್ಲಿ, ಅಂದರೆ ಮಗುವಿನ ಕಲಿಕೆಗೆ ಕೊಡಬೇಕಾದ ವಿಶೇಷ ನೆರವನ್ನು ಬರೆಯುವ ಭಾಗದಲ್ಲಿ. ‘ಅಗತ್ಯವಿದ್ದಾಗ ಸ್ಪೀಚ್ ಥೆರಪಿ’ ಎಂದಷ್ಟೇ ಇದ್ದರೆ ಕೊಡಲೇಬೇಕೆಂದು ಪಟ್ಟು ಹಿಡಿಯುವುದು ಕಷ್ಟ. ‘ವಾರಕ್ಕೊಮ್ಮೆ 45 ನಿಮಿಷ, ಥೆರಪಿಸ್ಟ್‌ರಿಂದಲೇ’ ಎಂಬಂತೆ ಲೆಕ್ಕ ಸಮೇತ ಬರೆಸಿ. ಪರ್ಸನಲ್ ಬಜೆಟ್ (ಯೋಜನೆಯಲ್ಲಿರುವ ನೆರವಿಗಾಗಿ ಮೀಸಲಿಡುವ ಹಣ) ಕೇಳುವುದಿದ್ದರೂ ಇದೇ ಹೊತ್ತು.

ಸಭೆಯಾದ 4 ವಾರದೊಳಗೆ ಕೌನ್ಸಿಲ್‌ನ ತೀರ್ಮಾನ, 12 ವಾರದೊಳಗೆ ತಿದ್ದಿದ ಅಂತಿಮ ಯೋಜನೆ ಬರಬೇಕು. ಒಪ್ಪಿಗೆಯಾಗದಿದ್ದರೆ ಕೌನ್ಸಿಲ್‌ನ ಅಂತಿಮ ತೀರ್ಮಾನದ ಪತ್ರದ ದಿನಾಂಕದಿಂದ 2 ತಿಂಗಳೊಳಗೆ ಸೆಂಡ್ ಟ್ರಿಬ್ಯೂನಲ್‌ಗೆ (ಇಂಥ ತಕರಾರುಗಳ ವಿಚಾರಣೆ ನಡೆಸುವ ನ್ಯಾಯಮಂಡಳಿ) ಮೇಲ್ಮನವಿ ಹಾಕಿ. ಎಫ್ ವಿಭಾಗದ ತಕರಾರಿಗೆ ಮೀಡಿಯೇಷನ್ ಸರ್ಟಿಫಿಕೇಟ್ (ಮಧ್ಯಸ್ಥಿಕೆಯ ಸಾಧ್ಯತೆ ವಿಚಾರಿಸಿದ್ದೀರಿ ಎಂಬುದಕ್ಕೆ ಪ್ರಮಾಣಪತ್ರ) ಮೊದಲು ಬೇಕು.