ಡಿವಿಡಿ ಚೂರಲ್ಲಿ ಸಿಕ್ಕ ಕಣಿವೆಗಳು

"ಮೇಷ್ಟ್ರೇ, ಬಿಸಿಲಿನ ಕಪ್ಪು ಗೆರೆ ಕಣ್ಣಿಗೆ ಕಾಣಬಹುದು. ಡಿವಿಡಿ ಚೂರಿನ ಡೇಟಾದಲ್ಲಿ ಪ್ರೋಗ್ರಾಂ ಅದನ್ನ ಹುಡುಕುತ್ತೆ ಅನ್ನೋದು ಬಿಡಿ" ಅಂದಿದ್ದರು ಸ್ಟಾಫ್ ರೂಮಿನಲ್ಲಿ ಜೊತೆಯ ಮೇಷ್ಟ್ರುಗಳು. ಹುಡುಕಿತು.

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರನ್ನು ಮನೆಯಲ್ಲೇ ಮಾಡಿದ್ದೆ. ಸಾಮಾನು ಇಷ್ಟೇ: ರಟ್ಟಿನ ಡಬ್ಬ, ಎರಡು ಬ್ಲೇಡ್ ನಡುವಿನ ಸೀಳು, ಡಿವಿಡಿ ಚೂರು, ವೆಬ್‌ಕ್ಯಾಮ್. ಎಲ್ಲ ಸೇರಿ ಎರಡು ಸಾವಿರದ ಮೇಲೆ ಸ್ವಲ್ಪ. ಅದರಲ್ಲಿ ಒಂಬೈನೂರು ನೀರಲ್ಲಿ ಹೋಮ. 760 ನ್ಯಾನೋಮೀಟರಿನ (ಬೆಳಕಿನ ಅಲೆಯುದ್ದದ ಅಳತೆ, ಮುಂದೆ ಗೆರೆಗಳಿಗೆ ಹೇಳುವ ಅಂಕಿಗಳೂ ಅದರಲ್ಲೇ) ಆಮ್ಲಜನಕದ ಪಟ್ಟಿ ನೋಡುವ ಆಸೆಗೆ ಮೊದಲ ಕ್ಯಾಮೆರಾದ ಇನ್‌ಫ್ರಾರೆಡ್ ಫಿಲ್ಟರ್ ಕೀಳಹೋಗಿ ಸೆನ್ಸರ್ ಗೀರಿಬಿಟ್ಟೆ.

ಯಾವ ಪಿಕ್ಸೆಲ್ ಯಾವ ಅಲೆಯುದ್ದ ಅಂತ ಗುರುತಿಸೋಕೆ ಸಿಎಫ್‌ಎಲ್ ಬಲ್ಬಿನ ಪೀಕುಗಳು (ಹೊಳೆಯುವ ಗೆರೆಗಳು) ಸಲೀಸು. ಪಾದರಸದ 435.8, 546.1 ಹಿಡಿದು ಸರಳರೇಖೆ ಎಳೆದರೆ ಯುರೋಪಿಯಂನ 611 ಎರಡು ನ್ಯಾನೋಮೀಟರ್ ಆಚೆ ಬಿತ್ತು. ಕ್ವಾಡ್ರಾಟಿಕ್, ಅಂದರೆ ಬಾಗುರೇಖೆ, ಹಾಕಿದೆ. ಮೂರು ಬಿಂದುವಿಗೆ ಅದು ಕೂರಲೇಬೇಕು, ದೊಡ್ಡಸ್ತಿಕೆ ಏನಿಲ್ಲ.

ಕಾಡಿದ್ದು ಬಿಸಿಲಿನ ಕಣಿವೆಗಳು, ಅಂದರೆ ಗ್ರಾಫಿನಲ್ಲಿ ತಗ್ಗಾಗಿ ಕಾಣುವ ಆ ಕಪ್ಪು ಗೆರೆಗಳು. ಕಣಿವೆ ಶಿಖರವಾಗಲಿ ಅಂತ ಡೇಟಾಗೆ ಮೈನಸ್ ಹಾಕಿ, ಸೈಪೈ ಎಂಬ ಪೈಥಾನ್ ಲೈಬ್ರರಿಯಲ್ಲಿ ಶಿಖರ ಹುಡುಕುವ ಫೈಂಡ್-ಪೀಕ್ಸ್‌ಗೆ ಕೊಟ್ಟರೆ ನೂರಾನಲವತ್ತು ಸಿಕ್ಕವು! ಹೈಟ್ ಮಿತಿ ಇಟ್ಟೆ. ನೀಲಿ ತುದಿಯ ಮಬ್ಬೆಲ್ಲ ಕಣಿವೆಯಾಯ್ತು, 656ರ ಹೈಡ್ರೋಜನ್ ಮಾಯ. ಸವಿಟ್ಸ್ಕಿ-ಗೋಲೇ ಎಂಬ ಫಿಲ್ಟರಿಗೆ 51 ಬಿಂದುಗಳ ಕಿಟಕಿ ಕೊಟ್ಟು ಗ್ರಾಫನ್ನು ನಯ ಮಾಡಿದೆ. 589ರ ಸೋಡಿಯಂ ಕೂಡ ನಯವಾಗಿ ಹೊರಟುಹೋಯ್ತು. 11ಕ್ಕೆ ಇಳಿಸಿದೆ. ಆದರೂ ನೀಲಿ-ಹಸಿರು, ಹಸಿರು-ಕೆಂಪು ಕೂಡುವಲ್ಲಿ ಎರಡು ಕಳ್ಳ ಕಣಿವೆ ಹೋಗಲೊಲ್ಲವು. ಅವು ಸೂರ್ಯನದ್ದಲ್ಲ, ಕ್ಯಾಮೆರಾದ ಬಣ್ಣದ ಫಿಲ್ಟರಿನದ್ದು ಅಂತ ಹೊಳೆಯೋಕೆ ಹದಿನೈದು ದಿನ ಹಿಡಿಯಿತು.

ಹಳೇ ಹ್ಯಾಲೊಜೆನ್ ಬಲ್ಬಿನ ಸ್ಪೆಕ್ಟ್ರಮ್ ತೆಗೆದು ಬಿಸಿಲನ್ನು ಅದರಿಂದ ಭಾಗಿಸಿದೆ. ಬಲ್ಬಿನಲ್ಲಿ ಗೆರೆ ಇಲ್ಲ, ಕ್ಯಾಮೆರಾದ ಉಬ್ಬುತಗ್ಗು ಅಷ್ಟೇ, ಹೊಡೆದುಹೋಯ್ತು. ಹೈಟ್ ಕಿತ್ತುಹಾಕಿ ಪ್ರಾಮಿನೆನ್ಸ್ (ಅಕ್ಕಪಕ್ಕಕ್ಕಿಂತ ಕಣಿವೆ ಎಷ್ಟು ಆಳ ಅನ್ನೋದು) 0.02ರ ಆಸುಪಾಸು ಇಟ್ಟೆ. ಅದನ್ನು ಅಳೆಯುವ ಕಿಟಕಿ ಎಷ್ಟಗಲ ಅಂತ ಮಾತ್ರ ಹೇಳಲ್ಲ, ನೀವೂ ಸ್ವಲ್ಪ ಒದ್ದಾಡಿ. ಉಳಿದದ್ದು ಆರು: 486, 517ರ ಮೆಗ್ನೀಸಿಯಂ, 527ರ ಕಬ್ಬಿಣ, 589, 656, 687ರ ಆಮ್ಲಜನಕ. ಸೋಡಿಯಂ ಜೋಡಿಗೆರೆ ಬಿಡಿಯಾಗಲಿಲ್ಲ. ಈ ಡಬ್ಬದಿಂದ ಆಗೋದೂ ಇಲ್ಲ.

ನಡುವೆ ಪಾಲಕ್ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಬಲ್ಬಿನ ಮುಂದಿಟ್ಟೆ. 665ರ ಸುತ್ತ ಎಲೆಯ ಕ್ಲೋರೋಫಿಲ್‌ನ ಬಾವಿಯಂಥ ಕಣಿವೆ. ಅಡುಗೆಮನೆ ನಾತಕ್ಕೆ ಮನೆಯವಳಿಂದ ಚೆನ್ನಾಗಿ ಬೈಸಿಕೊಂಡೆ.

ಅದೇ ಅಡುಗೆಮನೆಯ ಒಲೆಯ ಮೇಲೆ ಚಮಚದ ತುದಿಯಲ್ಲಿ ಉಪ್ಪು ಹಿಡಿದೆ. ಜ್ವಾಲೆ ಹಳದಿಯಾಯ್ತು. ಬಿಸಿಲಿನ ಸೋಡಿಯಂ ಕಣಿವೆ 412ನೇ ಪಿಕ್ಸೆಲ್‌ನಲ್ಲಿತ್ತು. ಉಪ್ಪಿನ ಪೀಕಿಗೆ ಮೂರು ಬಿಂದುಗಳ ಪ್ಯಾರಾಬೋಲಾ ಕೂರಿಸಿದರೆ 412.3 ಬಂತು. ಆ ಗ್ರಾಫ್ ಪ್ರಿಂಟ್ ಹಾಕಿಸಿ ಸ್ಟಾಫ್ ರೂಮಿನ ಬೋರ್ಡಿಗೆ ಚುಚ್ಚಿದ್ದೀನಿ.