ಎಂಟಾಣೆ, ವಾರ: ಪನಾಮಾ ಕಾಡಿನಲ್ಲಿ ನಾವಿಬ್ಬರು

ಮದುವೆಯಾಗಿ ಮೂರು ವರ್ಷದಲ್ಲಿ ನಾವು ಗಂಟಲು ಹರಿಯುವ ಹಾಗೆ ಜಗಳ ಆಡಿದ್ದು ಒಂದೇ ಸಲ. ಅದೂ ಒಂದು ಗೇಣುದ್ದದ ಸಸಿಗೆ. ಪನಾಮಾದ ಬಾರೊ ಕೊಲೊರಾಡೊ ದ್ವೀಪ, 2014ರ ಅಕ್ಟೋಬರ್, ಮೇಲಿಂದ ಧೋ ಅಂತ ಮಳೆ. ಸಸಿಯ ನಂಬರ್ 1187 ಅಂತ ನಾನು, 1177 ಅಂತ ಇವರು. ಆ ಜಗಳ ಹೇಗೆ ಬಂತು, ಹೇಗೆ ಬಗೆಹರಿಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನಾವು ಅಲ್ಲಿಗೆ ಹೋಗಿದ್ದು ಯಾಕೆ ಅಂತ ಹೇಳಬೇಕು.

ನಾನು ಸಾಗರದ ಕಡೆಯವಳು, ಇವರು ಮಂಡ್ಯದವರು. ನನ್ನ ಕೆಲಸ ಕಾಡಿನ ಮರಗಳ ಲೆಕ್ಕ. ಅದನ್ನು ಕಲಿತಿದ್ದು ತಮಿಳುನಾಡಿನ ಮುದುಮಲೈ ಕಾಡಿನಲ್ಲಿ. ಅಲ್ಲಿ 50 ಹೆಕ್ಟೇರ್ ಕಾಡಿಗೆ ಚೌಕ ಹಾಕಿ, ಒಂದು ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಎಲ್ಲಕ್ಕೂ ಬಿಲ್ಲೆ ಕಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಕುಮಾರ್ ಅವರ ತಂಡ 1988ರಲ್ಲಿ ಶುರು ಮಾಡಿದ್ದು. ಅದಕ್ಕೆ ಅಕ್ಕ ಅನ್ನಬಹುದಾದ ಕಾಡು ಪನಾಮಾದ ಈ ದ್ವೀಪದ್ದು. ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ 1980ರ ಹೊತ್ತಿಗೆ ಅಲ್ಲಿ ಇದೇ 50 ಹೆಕ್ಟೇರ್ ಲೆಕ್ಕ ಹಾಕಿಕೊಟ್ಟರು. ಆದರೆ ಮುದುಮಲೈಯಲ್ಲಿ ಮೊದಲ ಎಣಿಕೆಗೆ ಸಿಕ್ಕಿದ್ದು 25 ಸಾವಿರದಷ್ಟು ಮರ, 70 ಚಿಲ್ಲರೆ ಜಾತಿ. ಪನಾಮಾದಲ್ಲಿ 2 ಲಕ್ಷಕ್ಕೂ ಜಾಸ್ತಿ, ಜಾತಿ ಮುನ್ನೂರರ ಆಸುಪಾಸು. ಅಲ್ಲಿಗೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆಯ ಕೆಲಸ, ಸಿಕ್ಕಾಗ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಇವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದರು. "ಇಲ್ಲಿ ಕೂತು ಬಗ್ ಹುಡುಕೋ ಬದಲು ಅಲ್ಲಿಗೆ ಬಂದು ನಿಜವಾದ ಬಗ್‌ಗಳನ್ನೇ ನೋಡ್ತೀನಿ ಕಣೆ" ಅಂತ ಕೆಲಸ ಬಿಟ್ಟು ಹೊರಟರು. ಅತ್ತೆ ಮನೆಯಲ್ಲಿ ಸ್ವಲ್ಪ ದಿನ ಮಾತು ಬಿಗಿಯಾಗಿತ್ತು. ಹೆಂಡತಿಯ ಹಿಂದೆ ಗಂಡ ಹೋಗೋದು ಅಂದ್ರೆ ಸುಮ್ನೆ ಅಲ್ಲ, ಅಲ್ವಾ? ವೀಸಾದ ಕಥೆ ಒಂದು ಪುರಾಣ, ಬೇಡ. ಹೋಗುವವರಿಗೆ ಒಂದೇ ಮಾತು: ಹಳದಿ ಜ್ವರದ ಲಸಿಕೆಯನ್ನು ಕಡೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಾಕಿಸಿಕೊಂಡು ಹತ್ತು ದಿನ ಆಗಿರಬೇಕು. ಆ ಪುಟ್ಟ ಹಳದಿ ಪುಸ್ತಕ ವಾಪಸ್ ಬರುವಾಗಲೂ ಕೈಯಲ್ಲಿರಬೇಕು.

ನಾವು ಇಳಿದ ವಾರವೇ ಪನಾಮಾ ಕಾಲುವೆಗೆ ನೂರು ತುಂಬಿತು. ಕಾಲುವೆ ತೆರೆದದ್ದು 1914ರ ಆಗಸ್ಟ್ 15ಕ್ಕೆ. ನಮಗೆ ಬಾವುಟದ ದಿನ, ಅವರಿಗೆ ಹಡಗಿನ ದಿನ.

ಮನೆ ಸಿಕ್ಕಿದ್ದು ಗಂಬೋವಾ ಅನ್ನುವ ಪುಟ್ಟ ಊರಿನಲ್ಲಿ. ಚಾಗ್ರೆಸ್ ನದಿ ಬಂದು ಕಾಲುವೆ ಸೇರುವ ಜಾಗ. ಕಾಲುವೆಯವರು 1930ರ ದಶಕದಲ್ಲಿ ಕಟ್ಟಿಸಿದ ಮರದ ಮನೆಗಳು, ಕಂಬದ ಮೇಲೆ ನಿಂತಿವೆ. ಅಂಗಡಿ ಅಂದರೆ ಒಂದು ಗೂಡಂಗಡಿ. ಸಂತೆ ಮಾಡಬೇಕೆಂದರೆ ಬಸ್ಸು ಹತ್ತಿ ಪನಾಮಾ ನಗರಕ್ಕೆ ಹೋಗಬೇಕು. ರಾತ್ರಿ ಹಿತ್ತಲಿನ ಹುಲ್ಲು ಮೇಯಲು ಕ್ಯಾಪಿಬಾರಾ ಬರುತ್ತಿದ್ದವು. ಇಲಿಯ ಸಂತತಿ, ಗಾತ್ರ ಮಾತ್ರ ಹಂದಿಯದ್ದು. ಮೊದಲ ರಾತ್ರಿ ಇವರು ಟಾರ್ಚ್ ಬಿಟ್ಟು "ಹೆಗ್ಗಣಕ್ಕೆ ಯಾರೋ ಗಾಳಿ ಹೊಡೆದವ್ರೆ" ಅಂದರು. ರಾತ್ರಿಯಿಡೀ ಹಡಗಿನ ಇಂಜಿನ್ ಗುಂಯ್ ಅನ್ನುತ್ತಿರುತ್ತದೆ. ತಿಂಗಳಾದ ಮೇಲೆ ಆ ಸದ್ದಿಲ್ಲದಿದ್ದರೇ ನಿದ್ದೆ ಬರುತ್ತಿರಲಿಲ್ಲ.

ಆ ಮನೆಯ ಬಟ್ಟೆ ಕಪಾಟಿನ ಒಳಗೆ ಒಂದು ಗುಂಡು ಬಲ್ಬ್ ಇತ್ತು. ಹಗಲು ರಾತ್ರಿ ಉರಿಯುತ್ತಿತ್ತು. ಕರೆಂಟ್ ಯಾಕೆ ದಂಡ ಅಂತ ಇವರು ಅದನ್ನು ತೆಗೆದು ಎಲ್‌ಇಡಿ ಹಾಕಿದರು. ಹತ್ತು ದಿನಕ್ಕೆ ನನ್ನ ರೇಷ್ಮೆ ಸೀರೆಯ ಮಡಿಕೆ, ಇವರ ಬೆಲ್ಟು, ಪಾಸ್‌ಪೋರ್ಟಿನ ರಟ್ಟು, ಕ್ಯಾಮೆರಾದ ಲೆನ್ಸು, ಎಲ್ಲಕ್ಕೂ ಬೂಷ್ಟು. ಲೆನ್ಸಿನ ಒಳಗೆ ಜೇಡರಬಲೆ ಬಿಡಿಸಿದ ಹಾಗೆ ಬೆಳೆದಿತ್ತು, ಒರೆಸಲೂ ಆಗುವುದಿಲ್ಲ. ಪಕ್ಕದ ಮನೆಯ ಹೆಂಗಸು ಬಂದು ನೋಡಿ, ನಕ್ಕು, ತನ್ನ ಮನೆಯಿಂದ ಹಳೇ ಬಲ್ಬ್ ತಂದುಕೊಟ್ಟಳು. ಅದು ಬೆಳಕಿಗಲ್ಲ, ಬಿಸಿಗೆ! ನಾನು ಮಲೆನಾಡಿನವಳಾಗಿ ನನಗೆ ಹೊಳೆಯಬೇಕಿತ್ತು. ನಮ್ಮಲ್ಲಿ ಆಗುಂಬೆಯಂಥ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುತ್ತದೆ, ಇಲ್ಲಿ 2,600ರ ಹತ್ತಿರ. ಹಾಗಾಗಿ ನನಗೆ ಮಳೆಯ ಬಗ್ಗೆ ಒಂದು ಜಂಬ. ಆದರೆ ಊರಲ್ಲಿ ಒಲೆ ಇದೆ, ಹೊಗೆ ಇದೆ, ಒಲೆ ಮೇಲಿನ ಅಟ್ಟ ಇದೆ. ಇಲ್ಲಿ ಗುಂಡು ಬಲ್ಬೇ ನಮ್ಮ ಅಟ್ಟ. ಅವತ್ತಿನಿಂದ ಕಪಾಟಿನಲ್ಲಿ ಮೊದಲ ಜಾಗ ಬರಹದ ಪುಸ್ತಕಗಳಿಗೆ, ಆಮೇಲೆ ಲೆನ್ಸಿಗೆ, ಉಳಿದರೆ ಬಟ್ಟೆಗೆ.

ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಬುತ್ತಿ ಕಟ್ಟಿಕೊಂಡು ದ್ವೀಪಕ್ಕೆ ಹೋಗುವ ದೋಣಿಗೆ ಓಡಬೇಕು. ಅದು ತಪ್ಪಿದರೆ ದಿನವೇ ತಪ್ಪಿತು. ಬೆಂಗಳೂರಿನ ಅಪಾರ್ಟ್‌ಮೆಂಟಿನಷ್ಟು ಎತ್ತರದ ಕಂಟೇನರ್ ಹಡಗಿನ ಪಕ್ಕ ನಮ್ಮ ದೋಣಿ ಇರುವೆಯ ಹಾಗೆ ಹೋಗುತ್ತದೆ. ದಡದ ಹತ್ತಿರ ನೀರಿನೊಳಗಿಂದ ಸತ್ತ ಮರದ ಬೊಡ್ಡೆಗಳು ಎದ್ದು ನಿಂತಿರುತ್ತವೆ, ನೂರು ವರ್ಷದ್ದು. ಅದನ್ನು ಮೊದಲ ದಿನ ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ಅಜ್ಜನ ಮನೆ, ತೋಟ ಮುಳುಗಿದ್ದು ಲಿಂಗನಮಕ್ಕಿ ಹಿನ್ನೀರಿನಲ್ಲಿ. ಬೇಸಿಗೆಯಲ್ಲಿ ನೀರಿಳಿದಾಗ ಅಲ್ಲೂ ಹೀಗೇ ಬೊಡ್ಡೆಗಳು ಕಾಣುತ್ತವೆ. ನಮ್ಮ ದೋಣಿ ಸಾಗುವ ಗಾಟುನ್ ಸರೋವರ ಅಂದರೆ ಅದೂ ಹಿನ್ನೀರೇ. ಹಡಗು ದಾಟಿಸಲು ಚಾಗ್ರೆಸ್ ನದಿಗೆ ಒಡ್ಡು ಕಟ್ಟಿದರು, ಕಣಿವೆಯ ಊರುಗಳನ್ನು ಎಬ್ಬಿಸಿದರು. ಮುಳುಗದೆ ಉಳಿದ ಒಂದು ಗುಡ್ಡದ ತಲೆಯೇ ಈ ದ್ವೀಪ, ಒಂದೂವರೆ ಸಾವಿರ ಹೆಕ್ಟೇರ್. 1923ರಿಂದ ಕಾಯ್ದಿಟ್ಟ ಕಾಡು. ನಮಗೆ ಹಾಗೆ ಸಿಕ್ಕಿದ್ದಕ್ಕೆ ವಿಜ್ಞಾನದ ಕಡೆಯಿಂದ ಖುಷಿ. ಅಜ್ಜನ ಮೊಮ್ಮಗಳಾಗಿ ಅಷ್ಟು ಸಲೀಸಾಗಿ ಖುಷಿಪಡಲು ಆಗಲಿಲ್ಲ.

ಕೆಲಸ ಹೇಳುತ್ತೇನೆ. ಅಲ್ಮೆಂದ್ರೊ ಅಂತ ದೊಡ್ಡ ಮರ, ನಮ್ಮ ಹೊಂಗೆಯ ದೂರದ ನೆಂಟ. ಅದರ ಕಾಯಿ ಬೀಳುವುದು ಒಣ ಕಾಲದಲ್ಲಿ. ಅಗೌಟಿ ಅನ್ನುವ ಮೊಲದಷ್ಟು ಗಾತ್ರದ ಪ್ರಾಣಿ ಬೀಜವನ್ನು ಎತ್ತಿಕೊಂಡು ಹೋಗಿ ಹೂತಿಡುತ್ತದೆ. ಕೆಲವನ್ನು ಮರೆಯುತ್ತದೆ, ಅವು ಮೊಳೆಯುತ್ತವೆ. ತಾಯಿಮರದ ಬುಡದಲ್ಲಿ ಹುಟ್ಟಿದ ಸಸಿ ಉಳಿಯುವುದು ಕಡಿಮೆ, ದೂರದ್ದು ಉಳಿಯುತ್ತದೆ ಅಂತ 1970ರ ದಶಕದಿಂದ ಒಂದು ವಾದ ಇದೆ. ತಾಯಿಯ ಹತ್ತಿರ ಅದೇ ಜಾತಿಯ ಹುಳ, ಅದೇ ಜಾತಿಯ ಶಿಲೀಂಧ್ರ ಜಾಸ್ತಿ ಅಂತ. ನಾವು ಹತ್ತಿರ, ದೂರ ಅಂತ ಒಂದೊಂದು ಚದರ ಮೀಟರಿನ ಚೌಕ ಹಾಕಿ, ಅದರಲ್ಲಿ ಹುಟ್ಟಿದ ಎಲ್ಲ ಜಾತಿಯ ಸಸಿಗೂ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ, ತಿಂಗಳಿಗೊಮ್ಮೆ ಎತ್ತರ ಅಳೆಯುತ್ತಿದ್ದೆವು. ಒಟ್ಟು 2 ಸಾವಿರದಷ್ಟು ಸಸಿ. ಒಬ್ಬರು ಕುಕ್ಕರುಗಾಲಲ್ಲಿ ಕೂತು ಬಿಲ್ಲೆ ಓದಬೇಕು, ಇನ್ನೊಬ್ಬರು ನೆನೆಯದ ಕಾಗದದ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು.

ಇವರು ಸಂಜೆ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಹಾಕಿ, ಟೆಸ್ಟಿಂಗ್ ಚಾಳಿ ಬಿಡದೆ, ಹೋದ ತಿಂಗಳಿಗಿಂತ ಎರಡು ಸೆಂಟಿಮೀಟರ್ ಕುಳ್ಳಗಾದ ಸಸಿಗಳೆಲ್ಲ ಕೆಂಪಾಗಿ ಕಾಣುವಂತೆ ಮಾಡಿದರು. ನಲವತ್ತು ಸಾಲು ಕೆಂಪು! "ನಿನ್ನ ಸಸಿಗಳು ಕುಗ್ತಾವ್ರೆ ಕಣೆ" ಅಂದರು. ಮಾರನೇ ದಿನ ಹೋಗಿ ನೋಡಿದರೆ 1177 ಮತ್ತು 1187 ಒಂದೇ ಚೌಕದಲ್ಲಿದ್ದವು, ಒಂದರ ಎತ್ತರ ಇನ್ನೊಂದರ ಮುಂದೆ ಬರೆದಿತ್ತು. ನೀವು ತಪ್ಪು ಓದಿದಿರಿ ಅಂತ ನಾನು, ನೀನು ತಪ್ಪು ಬರೆದೆ ಅಂತ ಇವರು. ನನ್ನ ಓದು, ನನ್ನ ಸಂಬಳ, ಕೆಲಸ ಬಿಟ್ಟು ಬಂದದ್ದು, ಎಲ್ಲವೂ ಆ ಚೌಕದೊಳಗೆ ಬಂತು. ಜೊತೆಗಿದ್ದ ಪನಾಮಾದ ಹಿರಿಯ ಸಹಾಯಕರು ಪಾಪ, ಬೆನ್ನು ತಿರುಗಿಸಿ ಯಾವುದೋ ಎಲೆಯನ್ನು ಹೊಸಕಿ ಹೊಸಕಿ ಮೂಸುತ್ತಾ ನಿಂತರು.

ತಪ್ಪು ಇಬ್ಬರದೂ ಅಲ್ಲ, ಮಳೆಯದ್ದು. ಎಲೆ ಮೇಲೆ ನೀರು ಬಡಿಯುವಾಗ ಏಳು, ಎಂಟು ಎರಡೂ ಒಂದೇ ಥರ ಕೇಳುತ್ತವೆ. ಎಂಬತ್ತು, ತೊಂಬತ್ತೂ ಅಷ್ಟೇ. ಆ ಹಿರಿಯರೇ ಹೇಳಿದರು, ಸ್ಪ್ಯಾನಿಶ್‌ನಲ್ಲೂ ಅರವತ್ತು ಸೆಸೆಂತಾ, ಎಪ್ಪತ್ತು ಸೆತೆಂತಾ, ಅವರೂ ಇದೇ ಗುಂಡಿಗೆ ಬಿದ್ದವರೇ ಅಂತ. ಅವತ್ತು ರಾತ್ರಿ ಇವರು ನಿಯಮ ಮಾಡಿದರು. ಅಂಕಿಯನ್ನು ಬಿಡಿಬಿಡಿಯಾಗಿ ಓದಬೇಕು. ಏಳಕ್ಕೆ "ವಾರ". ಎಂಟಕ್ಕೆ "ಎಂಟಾಣೆ". ಬರೆದವರು ತಿರುಗಿ ಕೂಗಿ ಹೇಳಬೇಕು. 1187 ಅಂದರೆ "ಒಂದು, ಒಂದು, ಎಂಟಾಣೆ, ವಾರ". ಮುಂದಿನ ತಿಂಗಳು ಕೆಂಪು ಸಾಲು ನಲವತ್ತರಿಂದ ಆರಕ್ಕೆ ಇಳಿಯಿತು. ಆ ಆರೂ ನಿಜವಾಗಿ ತುದಿ ಮುರಿದ ಸಸಿಗಳು.

ಇನ್ನೊಂದು ಹೇಳಬೇಕು. ಕಾಡಿನಲ್ಲಿ ನಾನು "ರೀ" ಅಂತ ಕೂಗುತ್ತಿದ್ದೆನಲ್ಲ, ಅದನ್ನು ಕೇಳಿ ಕೇಳಿ ಎಲ್ಲರೂ ಇವರ ಹೆಸರೇ ರೀ ಅಂದುಕೊಂಡರು. ಹೊರಡುವ ತನಕ ಇವರು ಅಲ್ಲಿ ಸೆನ್ಯೋರ್ ರೀ. ದೋಣಿಯವನು ದಡದಿಂದ "ರೀ!" ಅಂತ ಕರೆದರೆ ನನಗೆ ನಾಚಿಕೆ.

ಒಣ ಕಾಲ ಬಂದರೆ ಉಣುಗು. ಡಿಸೆಂಬರ್ ಕಳೆದು ಎಲೆ ಉದುರಿತೋ, ಪ್ಯಾಂಟಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮರಿ ಉಣುಗು ಹರಿಯುತ್ತವೆ. ಅಲ್ಲಿಯವರು ನಗುತ್ತಾ ಅಂಟುಪಟ್ಟಿಯಿಂದ ಚರಚರ ಅಂಟಿಸಿ ತೆಗೆಯುತ್ತಾರೆ. ನನಗೆ ನಗು ಬರಲಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಸಿಕ್ಕಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗು ಹತ್ತದಂತೆ ಮೈಗೆ ಡಿಎಂಪಿ ಎಣ್ಣೆ ಹಚ್ಚದೆ ಕಾಡಿಗೆ ದರಕು, ಅಂದರೆ ಒಣ ಎಲೆ, ಗುಡಿಸಿ ತರಲು ಹೋಗಬಾರದು ಅಂತ ಬೈಸಿಕೊಂಡು ಬೆಳೆದವರು ನಾವು. ದಿನಾ ಸಂಜೆ ಮನೆಗೆ ಬಂದ ಕೂಡಲೇ ಬಟ್ಟೆ ಬಕೆಟ್ಟಿಗೆ, ಒಬ್ಬರ ಬೆನ್ನು ಒಬ್ಬರು ಹುಡುಕುವುದು. ಪ್ರಣಯ ಅಂದರೆ ಹೀಗೂ ಇರುತ್ತದೆ.

ಅದಕ್ಕೂ ಮೊದಲು, ನವೆಂಬರಿನಲ್ಲಿ ಡೊನಾತೊ ಜಾಡಿನ ಹತ್ತಿರ ಹೌಲರ್ ಮಂಗ ಒಂದು ಸತ್ತು ಬಿದ್ದಿತ್ತು. ಬೆಳಗಿನ ಜಾವ ಹುಲಿ ಗರ್ಜಿಸಿದ ಹಾಗೆ ಕೂಗುವ ಕಪ್ಪು ಮಂಗ. ಕೈ ಎದೆಗೆ ಒತ್ತಿಕೊಂಡು, ಮಲಗಿದ ಮಗುವಿನ ಹಾಗೆ ಇತ್ತು. ನಾನು ಇವರ ಅಂಗಿ ಹಿಡಿದು ಎಳೆದು ನಿಲ್ಲಿಸಿದೆ. ನಮ್ಮೂರಲ್ಲಿ ಸತ್ತ ಮಂಗ ಕಂಡರೆ ಯಾರೂ ಹತ್ತಿರ ಹೋಗುವುದಿಲ್ಲ, ಮೊದಲು ಆರೋಗ್ಯ ಇಲಾಖೆಗೆ ಸುದ್ದಿ. ಹಿರಿಯ ಸಹಾಯಕರು ದೂರದಿಂದಲೇ ನೋಡಿದರು. ಮಳೆಗಾಲದ ಕೊನೆಗೆ ಹಣ್ಣು ಕಡಿಮೆ, ಮೈಯಲ್ಲಿ ನೊಣದ ಹುಳ ಬೇರೆ, ಈ ತಿಂಗಳುಗಳಲ್ಲಿ ಸಾಯುವುದುಂಟು ಅಂದರು. ಆದರೂ ಅವರು ಮುಟ್ಟಲಿಲ್ಲ. ಹಳದಿ ಜ್ವರ ಬಂದರೆ ಮೊದಲು ಸಾಯುವುದು ಈ ಮಂಗಗಳೇ, ಕಾಡು ಮೌನವಾದರೆ ಹೆದರಬೇಕು ಅಂತ ಅವರ ಅಪ್ಪನ ಕಾಲದ ಮಾತು. ಒಂದು ಸಾಗರ ದಾಟಿ ಬಂದರೂ ಅದೇ ಭಯ, ಅದೇ ಮಂಗ.

ಅಡುಗೆ ಇವರದು. ನಾನು ಮಾಡಿದರೆ ಇಬ್ಬರೂ ಉಪವಾಸ. ವಾರಕ್ಕೊಮ್ಮೆ ನಗರದಲ್ಲಿ ಗುಜರಾತಿ ಅಂಗಡಿಯಿಂದ ಬೇಳೆ, ಸಾಸಿವೆ, ಇಂಗು. ಡಿಸೆಂಬರಿನಲ್ಲಿ ಮಾರುಕಟ್ಟೆಯಲ್ಲಿ ಹಸಿರು ಕಾಯಿ ರಾಶಿ ಹಾಕಿದ್ದರು, ಹೆಸರು ಗುವಾಂದು. ಇವರು ಒಂದು ಕಾಯಿ ಸುಲಿದು, ಕಾಳು ಬಾಯಿಗೆ ಹಾಕಿ, "ತೊಗರಿ ಕಣೆ ಇದು!" ಅಂತ ಅಲ್ಲೇ ಕೂಗಿದರು. ನಮ್ಮ ಕಡೆಯಿಂದ ಆಫ್ರಿಕಾ ಸುತ್ತಿ ಅಲ್ಲಿಗೆ ಹೋದ ತೊಗರಿ. ಅವರು ಅದಕ್ಕೆ ತೆಂಗಿನ ಹಾಲು ಹಾಕಿ ಅನ್ನದ ಜೊತೆ ಬೇಯಿಸುತ್ತಾರೆ, ಹಬ್ಬದ ಊಟ. ಇವರು ಮಾಡಿದ್ದು ಹಸಿ ತೊಗರಿ ಕಾಳಿನ ಉಪ್ಸಾರು. ಬುತ್ತಿಯಲ್ಲಿ ತಂದ ಖಾರವನ್ನು ಹಿರಿಯ ಸಹಾಯಕರು ಬೆರಳಲ್ಲಿ ನೆಕ್ಕಿ, ಕಣ್ಣಲ್ಲಿ ನೀರು ಹಾಕಿ, ಇನ್ನೊಂದು ಸಲ ಕೇಳಿದರು. ನನ್ನ ಪಾಲಿನ ಸಾಧನೆ ಒಂದೇ. ಅಲ್ಲಿಯ ಉದ್ದ ಎಲೆಯ ಕುಲಾಂತ್ರೊ ಸೊಪ್ಪು ಹಾಕಿ ತಂಬುಳಿ ಮಾಡಿದೆ. ಕೊತ್ತಂಬರಿಗಿಂತ ಘಾಟು, ಆದರೆ ಚೆನ್ನಾಗಿತ್ತು.

ಹೊತ್ತಿನ ವ್ಯತ್ಯಾಸ ಹತ್ತೂವರೆ ಗಂಟೆ. ನಮಗೆ ಸಂಜೆ ಏಳೂವರೆ ಆದರೆ ಊರಲ್ಲಿ ಬೆಳಿಗ್ಗೆ ಆರು, ಅಮ್ಮ ಕಾಫಿಗೆ ನೀರಿಡುವ ಹೊತ್ತು. "ಅಳಿಯಂದಿರಿಗೆ ಏನು ಅಡುಗೆ ಮಾಡಿದ್ಯೇ?" "ಅವರೇ ಮಾಡಿದ್ದು ಅಮ್ಮಾ." ಆ ಕಡೆ ಒಂದು ಕ್ಷಣ ಮೌನ. ಒಂದೂವರೆ ವರ್ಷ ದಿನಾ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಮೌನ.

2015ರಲ್ಲಿ ಎಲ್‌ನಿನೊ, ಪೆಸಿಫಿಕ್ ಸಾಗರ ಬಿಸಿಯೇರಿ ಮಳೆ ಏರುಪೇರಾಗುವ ವಿದ್ಯಮಾನ. ಮಳೆಗಾಲದಲ್ಲೂ ಮಳೆ ಸಾಲಲಿಲ್ಲ. ಹಿನ್ನೀರು ಇಳಿದು ಬೊಡ್ಡೆಗಳು ಇನ್ನಷ್ಟು ಮೇಲೆದ್ದವು, ಹಡಗುಗಳು ಹೊರುವ ಭಾರ ಇಳಿಸಬೇಕಾದೀತು ಅನ್ನುವ ಮಾತು ಎದ್ದಿತು. ನಮ್ಮ ಸಸಿಗಳಿಗೆ ಹತ್ತಿರ, ದೂರ ಅನ್ನುವ ಭೇದ ಉಳಿಯಲಿಲ್ಲ. ಎರಡೂ ಕಡೆ ಒಣಗಿದವು. ಒಂದೊಂದು ಚೌಕದಲ್ಲಿ ಬಿಲ್ಲೆ ಮಾತ್ರ ಎಲೆ ಮೇಲೆ ಬಿದ್ದಿರುತ್ತಿತ್ತು, ಅದನ್ನು ಎತ್ತಿ, ಓದಿ, "ಸತ್ತಿದೆ" ಅಂತ ಬರೆಯುವುದು. ಮೊದಲ ವರ್ಷದ ಲೆಕ್ಕದಿಂದ ಬರೆಯಬೇಕೆಂದಿದ್ದ ಪ್ರಬಂಧದ ಪ್ರಶ್ನೆಯನ್ನೇ ಬದಲಿಸಬೇಕಾಯಿತು. ನಾನು ಕುಸಿದು ಕೂತಿದ್ದ ವಾರಗಳಲ್ಲಿ ಸತ್ತವರ ಪಟ್ಟಿಯನ್ನು ತಪ್ಪಿಲ್ಲದೆ ಇಟ್ಟವರು ಸೆನ್ಯೋರ್ ರೀ. 1177 ಹೋಯಿತು. 1187 ನಾವು 2016ರ ಮಾರ್ಚಿನಲ್ಲಿ ಹೊರಡುವಾಗ 31 ಸೆಂಟಿಮೀಟರ್ ಇತ್ತು, ಒಂದು ಎಲೆಯನ್ನು ಹುಳ ಅರ್ಧ ತಿಂದಿತ್ತು.

ಈಗ ಮೈಸೂರಿನಲ್ಲಿದ್ದೇವೆ. ಇವರು ಮತ್ತೆ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದಾರೆ. ಮೊನ್ನೆ ಗ್ಯಾಸ್ ತಂದ ಹುಡುಗ ಬಾಗಿಲಲ್ಲಿ ನಿಂತು ಒಟಿಪಿ ಕೇಳಿದ. ಇವರು ಒಳಗಿಂದ ಜೋರಾಗಿ, "ನಾಲ್ಕು, ಎಂಟಾಣೆ, ಎಂಟಾಣೆ, ವಾರ" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಅಭ್ಯಾಸಬಲದಿಂದ ತಿರುಗಿ ಕೂಗಿ ಹೇಳಿದೆ.