ಮನೆಯಲ್ಲಿ ಸರಳೆ ವರಸೆ ಹಾಡಿಸುವ ಪೋಷಕರಿಗೆ

ಮಕ್ಕಳನ್ನು ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿಸಿದ್ದೀರಾ? ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಪ್ರತಿ ಸ್ವರವನ್ನೂ ಕೀಬೋರ್ಡ್‌ನಲ್ಲಿ ನುಡಿಸಿ ತೋರಿಸಬೇಡಿ. ಮಗು ಅದರ ಹಿಂದೆ ಹೋಗುತ್ತದೆ ಅಷ್ಟೇ, ಕಿವಿ ಬೆಳೆಯುವುದಿಲ್ಲ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿದರೆ ಸಾಕು. ಶ್ರುತಿ (ಹಾಡಿಗೆ ಆಧಾರವಾದ ಸ್ಥಾಯಿ) ಮಾತ್ರ ಗುರುಗಳು ಹೇಳಿದ್ದೇ ಇರಲಿ.

ಸರಳೆ ವರಸೆ ಅಂದರೆ ಆರಂಭದ ಸ್ವರಾಭ್ಯಾಸ. ಅದು ಇರುವುದು ಮಾಯಾಮಾಳವಗೌಳ ರಾಗದಲ್ಲಿ, 15ನೇ ಮೇಳ (ಮೂಲ ರಾಗ). ಇಲ್ಲಿ ರಿ ಸ್ವರ ಸ ಪಕ್ಕದಲ್ಲೇ ಇದೆ, ಧ ಸ್ವರ ಪ ಪಕ್ಕದಲ್ಲೇ ಇದೆ. ಮಕ್ಕಳು ಜಾಸ್ತಿ ಜಾರುವುದು ಈ ಎರಡು ಕಡೆ. ರಿ ಸುಮ್ನೆ ಮೇಲಕ್ಕೆ ಹೋಗಿಬಿಡುತ್ತದೆ. ಆಗ ಇಡೀ ವರಸೆ ಮತ್ತೆ ಹಾಡಿಸಬೇಡಿ. 'ಸ ರಿ ಸ' ಅಷ್ಟನ್ನೇ ಅಕಾರದಲ್ಲಿ (ಸ್ವರದ ಹೆಸರು ಹೇಳದೆ 'ಆ' ಅಂತ) ನಿಧಾನವಾಗಿ ಎಳೆದು ಹಾಡಿಸಿ. ಅದನ್ನೇ ರೆಕಾರ್ಡ್ ಮಾಡಿ ಕೇಳಿಸಿ, ಮಗುವೇ ತಪ್ಪು ಹಿಡಿಯುತ್ತದೆ. ನೋಡೋದಕ್ಕೇ ಖುಷಿ!

ಮೊದಲ ಕಾಲ, ಅಂದರೆ ಸ್ವರ ಹಾಡುವ ಮೊದಲ ವೇಗ, ಗಟ್ಟಿಯಾಗದೆ ಎರಡನೆಯದಕ್ಕೆ ಹೋಗಬೇಡಿ. ಕಾಲ ಬದಲಾದರೂ ಕೈಯಲ್ಲಿ ಹಾಕುವ ಆದಿತಾಳದ (ಎಂಟು ಎಣಿಕೆಯ ತಾಳ) ವೇಗ ಅದೇ ಇರಬೇಕು, ಸ್ವರಗಳಷ್ಟೇ ಎರಡರಷ್ಟಾಗಬೇಕು.

ಮುಂದೆ ಹಾಡುಗಳ ಸಾಹಿತ್ಯ ಬೇಕಾದರೆ ಕರ್ನಾಟಿಕ್ ಡಾಟ್ ಕಾಮ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಪಾಠಾಂತರ (ಗುರುಗಳು ಕಲಿಸುವ ರೂಪ) ಬೇರೆ ಇರಬಹುದು, ಗುರುಗಳಿಗೆ ಒಮ್ಮೆ ತೋರಿಸಿಯೇ ಕಲಿಸಿ.